ಇದನ್ನು ಬಿಚ್ಚೋಕೆ ಬರುತ್ತಾ?

ನಾನು ಕೈಬಿಚ್ಚಿ ಖರ್ಚು ಮಾಡಿ ಕೊಟ್ಟ ಮೊದಲ ಉಡುಗೊರೆ ಒಂದು ಬೆಳ್ಳಿ ಫೋಟೊ ಫ್ರೇಮು. ಗೆಳತಿಯ ಮದುವೆಗೆ ಕೊಟ್ಟಿದ್ದೆ. ಹಿಂಬದಿಯಲ್ಲಿ ಸಣ್ಣಗೆ 'ಇಪಿಎನ್‌ಎಸ್' ಅಂತ ಮುದ್ರೆ ಇತ್ತು. ಮುದ್ರೆ ಇದೆಯಲ್ಲ, ಅಸಲಿಯೇ ಇರಬೇಕು ಅಂದುಕೊಂಡೆ. ಆರು ವರ್ಷ ಕಳೆದು ಅವಳ ಮನೆಗೆ ಹೋದಾಗ ಫ್ರೇಮಿನ ನಾಲ್ಕೂ ಮೂಲೆಗಳಲ್ಲಿ ಒಳಗಿನ ಮಂಕು ಹಳದಿ ಲೋಹ ಇಣುಕುತ್ತಿತ್ತು. ಪಾಪ, ಅವಳು ತಿಂಗಳಿಗೊಮ್ಮೆ ತಪ್ಪದೆ ಉಜ್ಜಿ ಹೊಳಪು ಬರಿಸುತ್ತಿದ್ದಳಂತೆ. ಉಜ್ಜಿ ಉಜ್ಜಿಯೇ ಬೆಳ್ಳಿ ಸವೆದುಹೋಗಿತ್ತು.

ಆಮೇಲೆ ಗೊತ್ತಾಯಿತು, ಆ ಮುದ್ರೆಯ ಅರ್ಥವೇ 'ಬೆಳ್ಳಿ ಲೇಪ ಕೊಟ್ಟ ನಿಕ್ಕಲ್ ಸಿಲ್ವರ್'. ಜರ್ಮನ್ ಸಿಲ್ವರ್ ಅಂತಾರಲ್ಲ, ಅದೇ. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು. ಹೆಸರಲ್ಲಷ್ಟೇ ಬೆಳ್ಳಿ. ಅಂಗಡಿಯವರು ಸುಳ್ಳೇನೂ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ ಅಷ್ಟೇ. ಈಗ ಬೆಳ್ಳಿ ಅಂದರೆ 925 ಅನ್ನೋ ಅಂಕಿ ಹುಡುಕುತ್ತೇನೆ. ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅದೂ ಉಜ್ಜಿದರೆ ಸವೆಯುತ್ತದೆ, ಆದರೆ ಸವೆದ ಕಡೆಯೂ ಒಳಗೆ ಬೆಳ್ಳಿಯೇ ಇರುತ್ತದೆ. ಡೊಂಕಾದರೆ ತಟ್ಟಿ ಸರಿ ಮಾಡಬಹುದು, ಮುರಿದರೆ ಬೆಸುಗೆ ಹಾಕಿಸಬಹುದು.

ಆ ಫ್ರೇಮಿನಿಂದ ನಾನು ಕಲಿತದ್ದು ಇಷ್ಟು. ತಲೆಮಾರು ದಾಟೋದು ಯಾವತ್ತೂ ಹಾಳಾಗದ ವಸ್ತು ಅಲ್ಲ. ಹಾಗೆ ಯಾವುದೂ ಇಲ್ಲ. ಹಾಳಾದಾಗ ಯಾರಾದರೂ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಜೋಡಿಸೋಕೆ ಆಗುವಂಥದ್ದು ಮಾತ್ರ ದಾಟುತ್ತದೆ. ಅದಕ್ಕೇ ಈಗ ಏನೇ ಕೊಳ್ಳಲು ಹೋದರೂ ಕೇಳೋದು ಒಂದೇ ಪ್ರಶ್ನೆ: ಇದನ್ನು ಬಿಚ್ಚೋಕೆ ಬರುತ್ತಾ? ಬರೀ ಮಾರುವವರು ಮುಖ ಮುಖ ನೋಡುತ್ತಾರೆ. ತಾವೇ ಮಾಡಿದವರಾದರೆ ಕುರ್ಚಿ ಎಳೆದು ಕೂರಿಸಿ ತೋರಿಸುತ್ತಾರೆ.

ಹೊಲಿಗೆ ಹುಚ್ಚಿನ ಗೆಳತಿಗೆ ಕತ್ತರಿ ಕೊಟ್ಟಾಗ ಈ ಪ್ರಶ್ನೆ ಚೆನ್ನಾಗಿ ಉಪಯೋಗಕ್ಕೆ ಬಂತು. ಎರಡು ಕತ್ತರಿ ಮುಂದಿದ್ದವು, ನೋಡಲು ಒಂದೇ ಥರ. ಒಂದರ ನಡುವೆ ಬಡಿದು ಕೂರಿಸಿದ ರಿವೆಟ್, ಇನ್ನೊಂದರಲ್ಲಿ ಸ್ಕ್ರೂ. ರಿವೆಟ್ ಸಡಿಲವಾದರೆ ಬಟ್ಟೆ ಕತ್ತರಿಸುವ ಬದಲು ಮಡಚಿಕೊಳ್ಳುತ್ತದೆ, ಮನೆಯಲ್ಲಿ ಏನೂ ಮಾಡೋಕಾಗಲ್ಲ. ಸ್ಕ್ರೂ ಆದರೆ ಒಂದು ಸುತ್ತು ಬಿಗಿ ಮಾಡಿದರೆ ಸಾಕು. ಸಾಣೆ ಹಿಡಿಸುವಾಗ ಎರಡೂ ಅಲಗು ಬೇರೆ ಮಾಡಬಹುದು. ಅವಳು ಅದನ್ನು ಯಾರಿಗೂ ಮುಟ್ಟೋಕೆ ಕೊಡೋಲ್ಲ, ಕಾಗದ ಕತ್ತರಿಸಿದರೆ ಜಗಳವೇ ಆಗುತ್ತೆ.

ಚರ್ಮದ ಚೀಲದಲ್ಲಿ ನಾನು ಮೊದಲು ನೋಡೋದು ಹೊಲಿಗೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೊಂದು ತೂತಿನಲ್ಲೂ ಎರಡೂ ಕಡೆಯಿಂದ ಹಾಯಿಸಿ ಕೈಯಲ್ಲಿ ಹೊಲಿಯುತ್ತಾರೆ. ಒಂದು ಕಡೆ ದಾರ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಆಮೇಲೆ ಅಂಚು. ಅಂಚಿನಲ್ಲಿ ನಾರು ಕಾಣಬೇಕು. ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದಾದರೆ ಕೆಲವೇ ವರ್ಷದಲ್ಲಿ ಪೊರೆ ಪೊರೆಯಾಗಿ ಉದುರುತ್ತೆ, ಅದಕ್ಕೆ ರಿಪೇರಿಯೇ ಇಲ್ಲ. ಪುಸ್ತಕ ಕೊಡುವುದಾದರೆ ಬೆನ್ನಿನ ಮೇಲ್ತುದಿ ನೋಡಿ. ಹಾಳೆಗಳು ಕಟ್ಟು ಕಟ್ಟಾಗಿ ಮಡಚಿ ಹೊಲಿದಿದ್ದರೆ ರಟ್ಟು ಹೋದರೂ ಹೊಸ ರಟ್ಟು ಕಟ್ಟಿಸಬಹುದು.

ನನಗೆ ಜಾಸ್ತಿ ಹುಚ್ಚು ಹಿಡಿಸಿದ್ದು ಮರ. ಅಕ್ಕನಿಗೆ ಕಾಗದ, ಪೆನ್ನು ಇಡುವ ಒಂದು ಪೆಟ್ಟಿಗೆ ಕೊಡಬೇಕಿತ್ತು. ಒಂದು ಅಂಗಡಿಯಲ್ಲಿ ಪೆಟ್ಟಿಗೆಯ ಡ್ರಾಯರ್ ಪೂರ್ತಿ ಹೊರಗೆಳೆದು ಬೋರಲು ಹಾಕಿ ನೋಡುತ್ತಿದ್ದೆ. "ಮೇಡಂ, ಡಿಸೈನ್ ಮುಂದುಗಡೆ ಇದೆ" ಅಂದ ಅಲ್ಲಿದ್ದ ಹುಡುಗ. ನನಗೆ ಬೇಕಿದ್ದದ್ದು ಹಿಂದುಗಡೆಯೇ. ಅಲ್ಲಿ ಸ್ಟೇಪಲ್ ಪಿನ್ನು, ಒಣಗಿದ ಅಂಟು, ಮರದ ಪುಡಿಯ ಹಲಗೆಗೆ ಮೆತ್ತಿದ ತೆಳು ಮರದ ಹಾಳೆ. ನೀರು ತಾಗಿದರೆ ಅಂಥ ಹಲಗೆ ಉಬ್ಬುತ್ತದೆ. ಒಮ್ಮೆ ಉಬ್ಬಿದರೆ ಮುಗೀತು.

ಕೊನೆಗೆ ಒಬ್ಬ ಬಡಗಿಯ ಹತ್ತಿರ ಹೇಳಿ ಮಾಡಿಸಿದೆ. ಮೂಲೆಗಳಲ್ಲಿ ಮೊಳೆ ಇಲ್ಲ. ಎರಡು ಹಲಗೆಗಳ ತುದಿಯನ್ನೂ ಹಲ್ಲು ಹಲ್ಲಾಗಿ ಕೊರೆದು ಬೆರಳಿಗೆ ಬೆರಳು ಹೆಣೆದ ಹಾಗೆ ಕೂಡಿಸಿದ್ದರು. ಹಲ್ಲಿನ ತುದಿ ಅಗಲ, ಬುಡ ಸಣ್ಣ. ಎಳೆದರೂ ಹಿಂದಕ್ಕೆ ಬರಲ್ಲ. ತಳದ ಹಲಗೆ ಮಾತ್ರ ಸುತ್ತ ಕೊರೆದ ತೋಡಿನೊಳಗೆ ಸುಮ್ನೆ ಕೂತಿತ್ತು, ಅಂಟು ಹಾಕಿರಲಿಲ್ಲ. ಮರೆತರೇನೋ ಅಂತ ಕೇಳಿದೆ. "ಮರ ಉಸಿರಾಡುತ್ತಮ್ಮ, ಜಾಗ ಬಿಡಬೇಕು" ಅಂದರು. ಹೌದು, ತೇವದ ದಿನಗಳಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಒಣ ದಿನಗಳಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಏನೂ ಆಗಲ್ಲ ಅನ್ನುವಷ್ಟು ಕಡಿಮೆ. ನಾಲ್ಕೂ ಕಡೆ ಅಂಟಿಸಿಬಿಟ್ಟರೆ ಒಂದು ದಿನ ಸೀಳುತ್ತದೆ. ಪಾಲಿಶ್ ಬಗ್ಗೆಯೂ ಅವರೇ ಹೇಳಿದ್ದು: ಅರಗಿನದ್ದು ಹಾಕೋಣ, ಬಿಸಿ ತಾಗಿದರೆ ಬಿಳಿ ಕಲೆ ಬೀಳುತ್ತೆ, ಆದರೆ ಸ್ಪಿರಿಟ್ ಮುಟ್ಟಿಸಿದರೆ ಅರಗು ಮತ್ತೆ ಕರಗಿ ಕೂಡಿಕೊಳ್ಳುತ್ತೆ. ಗಟ್ಟಿ ಪ್ಲಾಸ್ಟಿಕ್ ಥರದ ಪಾಲಿಶ್‌ಗೆ ಗೀರು ಬಿದ್ದರೆ ಪೂರ್ತಿ ಕೆರೆದು ತೆಗೆಯಬೇಕು.

ಗಾತ್ರದ ವಿಷಯದಲ್ಲೂ ಒಮ್ಮೆ ಎಡವಿದ್ದೇನೆ. ತಮ್ಮನಿಗೆ ಭಾರಿ ಬೀರು ಮಾಡಿಸಿಕೊಟ್ಟೆ. ಕೆಲಸವೇನೋ ಅಪ್ಪಟ. ಮೂರನೇ ಮನೆಗೆ ಹೋಗುವಾಗ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು, ಅಲ್ಲೇ ಯಾರಿಗೋ ಮಾರಿ ಹೋದ. ಬಿಚ್ಚೋಕೆ ಬರುತ್ತಾ ಅಂತ ಅವತ್ತು ನಾನೇ ಕೇಳಿರಲಿಲ್ಲ! ಈಗ ಒಬ್ಬರೇ ಎತ್ತಲಾಗದ್ದನ್ನು ಕೊಡುವುದಿಲ್ಲ.

ಇನ್ನೊಂದು ಪೆದ್ದುತನ. ಬೆಳ್ಳಿ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ. ತೆಗೆದು ನೋಡಿದರೆ ಬ್ಯಾಂಡ್ ಇದ್ದ ಕಡೆ ಗೆರೆ ಎಳೆದ ಹಾಗೆ ಕಪ್ಪು. ರಬ್ಬರಿನಲ್ಲಿರುವ ಗಂಧಕ ಬಟ್ಟೆ ದಾಟಿ ಹೋಗಿ ಬೆಳ್ಳಿಯನ್ನು ಕಪ್ಪು ಮಾಡಿತ್ತು. ಅದರ ಜೊತೆ ಜೋಪಾನವಾಗಿಟ್ಟಿದ್ದ ಬಿಲ್ಲು ಪೂರ್ತಿ ಖಾಲಿ! ಶಾಖದಿಂದ ಅಚ್ಚು ಮೂಡಿಸುವ ಕಾಗದ ಅದು, ಅಕ್ಷರ ಉಳಿಯೋದಿಲ್ಲ. ಈಗ ಪ್ರತಿ ಉಡುಗೊರೆಯ ಜೊತೆ ಒಂದು ಚೀಟಿ ಇಡುತ್ತೇನೆ, ಪೆನ್ಸಿಲ್‌ನಲ್ಲಿ ಬರೆದು. ಯಾವ ಮರ, ಯಾರು ಮಾಡಿದ್ದು, ಯಾವ ವರ್ಷ, ಯಾವ ಪಾಲಿಶ್, ಹಾಳಾದರೆ ಏನು ಮಾಡಬೇಕು. ಪೆನ್ಸಿಲ್ ಗೆರೆ ಇಂಗಾಲವೇ ಆದ್ದರಿಂದ ಬಿಸಿಲಿಗೆ ಮಾಸಲ್ಲ, ನೀರಿಗೆ ಹರಡಲ್ಲ.

ಅಕ್ಕನ ಪೆಟ್ಟಿಗೆ ಈಗ ಅವಳ ಮಗಳ ಮೇಜಿನ ಮೇಲಿದೆ. ಹೋದ ಸಲ ಹೋದಾಗ ಹಿಂಜಿನ ಒಂದು ಸ್ಕ್ರೂ ಬೇರೆ ಬಣ್ಣದ್ದಿತ್ತು. ಸಡಿಲವಾಗಿತ್ತು ಅಂತ ಚೀಟಿ ನೋಡಿ ಅವಳೇ ಬದಲಾಯಿಸಿದ್ದಾಳೆ. ಮುಚ್ಚಳದ ಮೇಲೆ ದುಂಡಗೆ ಒಂದು ಬಿಳಿ ಕಲೆ. ಯಾರೋ ಬಿಸಿ ಲೋಟ ಇಟ್ಟಿದ್ದಾರೆ. ನನಗೆ ಕೈ ಸುಮ್ಮನಿರಲಿಲ್ಲ.

"ಸ್ಪಿರಿಟ್ ಇದ್ರೆ ಕೊಡೇ, ಎರಡು ಸಲ ಒರೆಸಿದ್ರೆ ಹೋಗುತ್ತೆ" ಅಂದೆ.

"ಗೊತ್ತು ಚಿಕ್ಕಮ್ಮ, ಚೀಟಿಯಲ್ಲಿ ಓದಿದ್ದೀನಿ" ಅಂದಳು. "ಬೇಡ ಬಿಡಿ. ಅದು ಅಮ್ಮ ಲೋಟ ಇಡ್ತಿದ್ದ ಜಾಗ."