ಕುರ್ಸ್ಕ್ ದಾಳಿಯನ್ನು ನಾನು ಒಂದು ರಸ್ತೆ ಹಿಡಿದು ಅಳೆದ ಬಗೆ

2024ರ ಆಗಸ್ಟ್ 6ರಂದು ಉಕ್ರೇನ್ ಸೈನ್ಯ ಗಡಿ ದಾಟಿ ರಷ್ಯಾದ ಕುರ್ಸ್ಕ್ ಪ್ರಾಂತ್ಯಕ್ಕೆ ನುಗ್ಗಿತು. ಎಷ್ಟು ದೂರ ಹೋಗುತ್ತಾರೆ ಅಂತ ಹಳೇ ಸೇನಾ ಗೆಳೆಯರು ಕೇಳುತ್ತಲೇ ಇದ್ದರು. ನನ್ನ ತಲೆಯಲ್ಲಿದ್ದದ್ದು ಊಟ, ಡೀಸೆಲ್, ಗುಂಡು ಯಾವ ದಾರಿಯಲ್ಲಿ ಹೋಗುತ್ತೆ ಅನ್ನೋದು.

ನಾನು ಸೇನೆಯಲ್ಲಿ ಲಾರಿ ಓಡಿಸಿದವನು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್ ಹತ್ತಿರ ತೋಲೋಲಿಂಗ್ ಬೆಟ್ಟದ ಮೇಲೆ ಕೂತಿದ್ದ ಶತ್ರುವಿಗೆ ಶ್ರೀನಗರ-ಲೇಹ್ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ರಾತ್ರಿ ಹೆಡ್‌ಲೈಟ್ ಆರಿಸಿಯೇ ಹೋಗಬೇಕು. ಮುಂದಿನ ಗಾಡಿಯ ಹಿಂದಿನ ಆಕ್ಸಲ್ ನಡುವೆ ಬಿಳಿ ಬಣ್ಣ ಬಳಿದ ಡಿಫರೆನ್ಶಿಯಲ್, ಅಂದರೆ ಗೇರಿನ ಉಬ್ಬಿದ ಡಬ್ಬಿ ಇರುತ್ತಲ್ಲ, ಅದರ ಮೇಲೆ ಬೀಳುವ ಸಣ್ಣ ಬಲ್ಬಿನ ಬೆಳಕು, ಅದೊಂದನ್ನೇ ನೋಡಿಕೊಂಡು ಗಂಟೆಗಟ್ಟಲೆ ಸ್ಟೇರಿಂಗ್ ಹಿಡಿದಿದ್ದೇನೆ.

ಅದಕ್ಕೇ ಉಕ್ರೇನಿನ ಸುಮಿಯಿಂದ ಗಡಿಯಾಚೆ ಕುರ್ಸ್ಕ್‌ನ ಸುಡ್ಜಾ ಊರಿನ ತನಕದ ನಕ್ಷೆ ಪ್ರಿಂಟ್ ತೆಗೆಸಿ ಬಾಗಿಲ ಹಿಂದೆ ಅಂಟಿಸಿದೆ. ಸುಟ್ಟ ಗಾಡಿಯ ವಿಡಿಯೋ ಬಂದರೆ ಅಲ್ಲಿನ ತಿರುವು, ಮರದ ಸಾಲು ಉಪಗ್ರಹ ಚಿತ್ರಕ್ಕೆ ತಾಳೆಯಾಗುತ್ತಾ ನೋಡಿ, ತಾಳೆಯಾದರೆ ಮಾತ್ರ ಕೆಂಪು ಚುಕ್ಕಿ ಇಡುತ್ತಿದ್ದೆ.

ಡ್ರೋನ್ ಕಾಲದಲ್ಲಿ ಗುಟ್ಟಾಗಿ ಸೈನ್ಯ ಸೇರಿಸೋಕೆ ಆಗಲ್ಲ ಅಂತ ನಾನೂ ನಂಬಿದ್ದೆ. ಅದು ಸುಳ್ಳಾಯ್ತು. ರಷ್ಯಾದ ಕಡೆ ಗಡಿಯಲ್ಲಿ ಜಾಸ್ತಿ ಇದ್ದದ್ದು ಕಡ್ಡಾಯ ಸೇವೆಗೆ ಬಂದ ಹುಡುಗರು, ಎಷ್ಟೋ ಮಂದಿ ಶರಣಾದರು. ಒಂದೇ ವಾರದಲ್ಲಿ ಸುಮಾರು 1,000 ಚದರ ಕಿಲೋಮೀಟರ್ ಹಿಡಿದಿದ್ದೇವೆ ಅಂತ ಉಕ್ರೇನಿನ ದಂಡನಾಯಕ ಸಿರ್ಸ್ಕಿ ಹೇಳಿದರು. ಪೂರ್ವ ಉಕ್ರೇನಿನ ಪೊಕ್ರೊವ್ಸ್ಕ್ ಕಡೆಯಿಂದ ರಷ್ಯಾ ಪಡೆಗಳನ್ನು ಹಿಂದೆ ತೆಗೆಯುತ್ತದೆ ಅಂತ ನಾನು ಬರೆದಿಟ್ಟೆ, ಅದು ತಪ್ಪಾಯ್ತು. ಅಲ್ಲಿ ಒತ್ತಡ ಇಳಿಯಲೇ ಇಲ್ಲ. ಕುರ್ಸ್ಕ್‌ಗೆ ಬೇರೆ ಕಡೆಯಿಂದ ಜನ ಬಂದರು, ಉತ್ತರ ಕೊರಿಯಾದ ಸೈನಿಕರೂ ಸಾವಿರಗಟ್ಟಲೆ ಬಂದರು.

ಚಳಿಗಾಲದಲ್ಲಿ ನನ್ನ ಚುಕ್ಕಿಗಳು ಮುಂಚೂಣಿ ಬಿಟ್ಟು ಉಕ್ರೇನಿನ ಗಡಿ ಹಳ್ಳಿ ಯುನಾಕಿವ್ಕಾದಿಂದ ಸುಡ್ಜಾಕ್ಕೆ ಹೋಗುವ ರಸ್ತೆ ಮೇಲೆ ಬೀಳತೊಡಗಿದವು. ಸಾಮಾನು ಹೋಗುವ ಮುಖ್ಯ ದಾರಿಯೇ ಅದು. ಸಂಕೇತ ಸಾಗಿಸುವ ಫೈಬರ್ ಎಳೆ ಬಿಚ್ಚಿಕೊಂಡು ಹಾರುವ ಡ್ರೋನ್‌ಗೆ ರೇಡಿಯೋ ಬೇಡ, ಹಾಗಾಗಿ ರೇಡಿಯೋ ಕೆಡಿಸುವ ಜಾಮರ್ ಇದ್ದರೂ ಸುಮ್ನೆ. ಅದು ರಸ್ತೆ ಬದಿ ಇಳಿದು ಗಾಡಿ ಬರುವ ತನಕ ಕಾದು ಕೂರುತ್ತೆ. ಮೇಲೆ ಶಾಖ ನೋಡುವ ಕ್ಯಾಮೆರಾ ಇದ್ದರೆ ದೀಪ ಆರಿಸಿ ಏನು ಪ್ರಯೋಜನ? ದ್ರಾಸ್‌ನಲ್ಲಿ ನಮ್ಮನ್ನು ಕಾಯ್ದದ್ದು ಕತ್ತಲೆ, ಆ ಡ್ರೈವರ್‌ಗಳಿಗೆ ಅದೂ ಇರಲಿಲ್ಲ. ಫೆಬ್ರವರಿ ಕೊನೆಗೇ, ಉಕ್ರೇನಿನ ಈ ಹಿಡಿತ ಉಳಿಯಲ್ಲ ಅಂತ ಗೆಳೆಯರಿಗೆ ಹೇಳಿದೆ.

2025ರ ಮಾರ್ಚ್ 8ರಂದು ರಷ್ಯನ್ನರು ಗ್ಯಾಸ್ ಪೈಪಿನೊಳಗೆ ತೆವಳಿಕೊಂಡು ಸುಡ್ಜಾ ಪಕ್ಕ ಎದ್ದರು. 13ಕ್ಕೆ ಊರು ಅವರ ಕೈಗೆ ಹೋಯಿತು.

ಈ ದಾಳಿ ವ್ಯರ್ಥವಾಯ್ತಾ ಅಂತ ಕೇಳಿದರೆ ನಾನು ಒಪ್ಪಲ್ಲ. 2024ರ ಆಗಸ್ಟ್ 24ರಂದು ಕುರ್ಸ್ಕ್‌ನಲ್ಲಿ ಸಿಕ್ಕ 115 ರಷ್ಯನ್ ಸೆರೆಯಾಳುಗಳ ಬದಲಿಗೆ 115 ಉಕ್ರೇನಿಯನ್ನರು ಮನೆಗೆ ಬಂದರು. ಅದಕ್ಕೆ ನಕ್ಷೆಯಲ್ಲಿ ಜಾಗವಿಲ್ಲ. ಅಂಚಿನಲ್ಲಿ ಆ ದಿನಾಂಕ ಬರೆದಿಟ್ಟಿದ್ದೇನೆ.