ಎಚ್ಚರಿಕೆ ಕಡಿಮೆ ಮಾಡಿದ ಮೇಲೆ ವೈದ್ಯರು ಓದತೊಡಗಿದರು

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ವೈದ್ಯರು ಕಂಪ್ಯೂಟರಿನಲ್ಲಿ ಮದ್ದು ಬರೆಯುವಾಗಲೇ ಅಪಾಯ ತಿಳಿಸುವ ಸಾಫ್ಟ್‌ವೇರನ್ನು ನಮ್ಮ ವಾರ್ಡುಗಳಿಗೆ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲಿಗೆ ಅದು ಎಲ್ಲದಕ್ಕೂ ಕೆಂಪು ಪೆಟ್ಟಿಗೆ ತೋರಿಸುತ್ತಿತ್ತು. ಕಬ್ಬಿಣದ ಮಾತ್ರೆ ಜೊತೆ ಆಂಟಾಸಿಡ್ ಬರೆದರೂ ಕೆಂಪು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಬರೆದರೂ ಅದೇ ಕೆಂಪು. ಮೊದಲನೆಯದಕ್ಕೆ ಎರಡು ಗಂಟೆ ಬಿಟ್ಟು ಕೊಟ್ಟರೆ ಸಾಕು. ಎರಡನೆಯದರಲ್ಲಿ ರಕ್ತಸ್ರಾವವಾಗಿ ಜೀವ ಹೋಗಬಹುದು. ರಾತ್ರಿ ಡ್ಯೂಟಿಯ ಪಿಜಿ ವೈದ್ಯರು ಓದದೆ ಒತ್ತಿ ಮುಂದೆ ಹೋದರೆ ಅವರನ್ನು ದೂರುವಂತಿಲ್ಲ.

ಮೆಡಿಸಿನ್ ವಿಭಾಗದ ವೈದ್ಯರ ಜೊತೆ ಕೂತು ಪಟ್ಟಿಯನ್ನು ಕತ್ತರಿಸಿದೆವು. ವಾರ್ಫರಿನ್ ಜೊತೆ ಮೆಟ್ರೊನಿಡಜೋಲ್ ಅಥವಾ ಕೋಟ್ರೈಮಾಕ್ಸಜೋಲ್, ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಅದೇ ಗುಂಪಿನ ಅಮಾಕ್ಸಿಸಿಲಿನ್, ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡಬೇಕಾದ ಮೆಥೊಟ್ರೆಕ್ಸೇಟ್ ದಿನಾ ಎಂದು ಬರೆದದ್ದು: ಇಂಥವಕ್ಕೆ ಮಾತ್ರ ಪರದೆ ನಿಲ್ಲುತ್ತದೆ, ಕಾರಣ ಬರೆಯದೆ ಮುಂದೆ ಹೋಗುವುದಿಲ್ಲ. ಸಣ್ಣಪುಟ್ಟವು ನನ್ನ ಪಟ್ಟಿಗೆ ಬರುತ್ತವೆ, ನಾನು ನೋಡಿಕೊಳ್ಳುತ್ತೇನೆ.

ಹೆಚ್ಚು ತಲೆ ಕೆಡಿಸಿಕೊಂಡದ್ದು ಕಿಡ್ನಿಯ ವಿಷಯದಲ್ಲಿ. 80 ವರ್ಷದ, 40 ಕಿಲೋ ತೂಕದ ಅಜ್ಜಿಯ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) 1.2 ಎಂದು ಬಂದರೆ ಯಾರಿಗೂ ಗಾಬರಿಯಾಗುವುದಿಲ್ಲ. ಆದರೆ ಕಾಕ್‌ಕ್ರಾಫ್ಟ್–ಗಾಲ್ಟ್ ಎಂಬ, ವಯಸ್ಸು, ತೂಕವನ್ನೂ ಸೇರಿಸಿ ಕಿಡ್ನಿ ಸೋಸುವ ವೇಗ ಅಂದಾಜಿಸುವ ಸೂತ್ರಕ್ಕೆ ಹಾಕಿ ನೋಡಿ, ನಿಮಿಷಕ್ಕೆ ಸುಮಾರು 24 ಮಿಲಿಲೀಟರ್ ಬರುತ್ತದೆ. 30ಕ್ಕಿಂತ ಕೆಳಗೆ ಹೋದರೆ ರಕ್ತ ಹೆಪ್ಪುಗಟ್ಟಿದ್ದಕ್ಕೆ ಚಿಕಿತ್ಸೆಯಾಗಿ ಕೊಡುವ ಎನಾಕ್ಸಪ್ಯಾರಿನ್ ಚುಚ್ಚುಮದ್ದು ದಿನಕ್ಕೆರಡು ಸಲದ ಬದಲು ಒಂದೇ ಸಲ. ಈ ಲೆಕ್ಕ ಯಂತ್ರ ಮಾಡುತ್ತದೆ, ಆದರೆ ತೂಕ ಬೇಕು. ಕೇಸ್ ಶೀಟಿನಲ್ಲಿ ತೂಕದ ಜಾಗ ಖಾಲಿಯಿರುವುದೇ ಹೆಚ್ಚು. ಹಾಗಾಗಿ ತೂಕ ತುಂಬದೆ ಅಡ್ಮಿಶನ್ ಮುಗಿಯದಂತೆ ಮಾಡಿದೆವು. ಎದ್ದು ನಿಲ್ಲಲಾಗದವರದ್ದಕ್ಕೆ ‘ಅಂದಾಜು’ ಎಂಬ ಗುರುತು. ಕೆಲಸ ಹೆಚ್ಚಿದರೂ ಒಪ್ಪಿಕೊಂಡ ವಾರ್ಡಿನ ಸಿಸ್ಟರ್‌ಗಳಿಗೆ ನಾನು ಋಣಿ.

ಮಳೆಗಾಲದ ನಿಯಮಗಳನ್ನು ನಾವೇ ಸೇರಿಸಬೇಕಾಯಿತು. ವೈವಾಕ್ಸ್ ಮಲೇರಿಯಾಕ್ಕೆ 14 ದಿನದ ಪ್ರೈಮಾಕ್ವಿನ್ ಬರೆದರೆ ಜಿ6ಪಿಡಿ ವರದಿ ಕೇಳುತ್ತದೆ (ಆ ಕಿಣ್ವ ಕಡಿಮೆಯಿದ್ದವರಲ್ಲಿ ಈ ಮದ್ದು ರಕ್ತಕಣಗಳನ್ನು ಒಡೆಯಬಹುದು), ಹೆಂಗಸರಾದರೆ ಗರ್ಭಿಣಿಯೇ ಎಂದೂ ಕೇಳುತ್ತದೆ. ಕಿಡ್ನಿಗೂ ತಾಗುವ ಇಲಿಜ್ವರದ್ದು ಬೇರೆಯೇ ಕಷ್ಟ. ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಏರುತ್ತಿರುವಾಗ ಆ ಸೂತ್ರ ಕಿಡ್ನಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಅಂಥಲ್ಲಿ ಅಂಕಿಯನ್ನೇ ತೋರಿಸಬೇಡ, ‘ಫಾರ್ಮಸಿಗೆ ಫೋನ್ ಮಾಡಿ’ ಎಂದಷ್ಟೇ ಹೇಳು ಎಂದು ಬರೆಸಿದೆ. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ತೋರಿಸುವ ಯಂತ್ರ ನನಗೆ ಬೇಡ.

ರೋಗಿಗಳು ಮನೆಯಲ್ಲಿ ತೆಗೆದುಕೊಳ್ಳುವ ಮದ್ದುಗಳ ಸುದ್ದಿಯೂ ಕಂಪ್ಯೂಟರಿಗೆ ತಾನಾಗಿ ತಿಳಿಯದು. “ಅಮ್ಮಾ, ಮನೆಯಲ್ಲಿ ತೆಗೆದುಕೊಳ್ಳುವ ಮದ್ದು ಎಲ್ಲ ತಂದಿದ್ದೀರಾ?” ಎಂದು ಕೇಳಿ, ತೊಟ್ಟೆ ಬಿಚ್ಚಿಸಿ, ಗಂಟುನೋವಿಗೆಂದು ಮೆಡಿಕಲ್‌ನಿಂದ ತಂದ ಡೈಕ್ಲೊಫೆನಾಕ್‌ವರೆಗೆ ಒಂದೊಂದನ್ನೂ ದಾಖಲಿಸುತ್ತೇವೆ.

ವೈದ್ಯರು ಎಚ್ಚರಿಕೆ ದಾಟಿ ಬರೆದ ಕಾರಣಗಳನ್ನು ಈಗಲೂ ಕೂತು ಓದುತ್ತೇನೆ. ಒಂದೇ ಎಚ್ಚರಿಕೆಯನ್ನು ಹಲವರು ಸರಿಯಾದ ಕಾರಣ ಕೊಟ್ಟು ದಾಟಿದ್ದರೆ, ಆ ನಿಯಮವನ್ನು ಮತ್ತೆ ವೈದ್ಯರ ಮುಂದಿಟ್ಟು ತಿದ್ದಿಸುತ್ತೇನೆ, ಇಲ್ಲವೇ ತೆಗೆಸುತ್ತೇನೆ.