ಸಡ್ಬರಿ ಅದಿರಿನಲ್ಲಿ ಪೆಂಟ್ಲಂಡೈಟ್ ಹುಡುಕುವುದು: ನನ್ನ ಅನುಭವ

ನಿಕಲ್ ಅದಿರು ಅಂದರೆ ನನಗೆ ಮೊದಲು ನೆನಪಾಗುವುದು ಪೆಂಟ್ಲಂಡೈಟ್. ಕಬ್ಬಿಣ, ನಿಕಲ್, ಗಂಧಕ ಸೇರಿದ ಖನಿಜ, ಅದರ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ನಿಕಲ್. ಆದರೆ ಅದು ಒಂಟಿಯಾಗಿ ಸಿಗುವುದು ಅಪರೂಪ. ಕೆನಡಾದ ಸಡ್ಬರಿಯಲ್ಲಿ ಪಿರೋಟೈಟ್ (ಕಬ್ಬಿಣ, ಗಂಧಕದ ಖನಿಜ), ಚಾಲ್ಕೋಪೈರೈಟ್ (ತಾಮ್ರ, ಕಬ್ಬಿಣ, ಗಂಧಕದ ಖನಿಜ) ಜೊತೆ ಬೆರೆತೇ ಇರುತ್ತದೆ. 1883ರಲ್ಲಿ ರೈಲು ಹಳಿ ಹಾಕುವಾಗ ಅಲ್ಲಿ ಅದಿರು ಕಣ್ಣಿಗೆ ಬಿತ್ತು, ಮೊದಮೊದಲು ಜನ ಹೋಗಿದ್ದು ತಾಮ್ರಕ್ಕಾಗಿ.

ನಾನು ಮೊದಲು ಕಲ್ಲನ್ನು ಒಡೆದು ಹೊಸ ಮುಖ ನೋಡುತ್ತೇನೆ. ಹಳೆ ಮುಖಕ್ಕೆ ಕಿಲುಬು ಹಿಡಿದಿರುತ್ತದೆ, ಅದನ್ನು ನೋಡಿ ಸುಮ್ನೆ ಪ್ರಯೋಜನವಿಲ್ಲ. ಕೈಲೆನ್ಸಿನಲ್ಲಿ ಪಿರೋಟೈಟ್ ಕಂದು ಛಾಯೆಯ ಕಂಚು, ಚಾಲ್ಕೋಪೈರೈಟ್ ಗಾಢ ಹಿತ್ತಾಳೆ ಹಳದಿ. ಪೆಂಟ್ಲಂಡೈಟ್ ಸ್ವಲ್ಪ ತಿಳಿ, ಕಣ ದೊಡ್ಡದಿದ್ದರೆ ಒಡೆದ ಜಾಗದಲ್ಲಿ ಚಪ್ಪಟೆ ಮೆಟ್ಟಿಲುಗಳು ಪಳಪಳ ಹೊಳೆಯುತ್ತವೆ. ಆಮೇಲೆ ಅಯಸ್ಕಾಂತ. ಪೆಂಟ್ಲಂಡೈಟ್ ಅದಕ್ಕೆ ಅಂಟುವುದಿಲ್ಲ, ಪಿರೋಟೈಟ್ ಸಾಮಾನ್ಯವಾಗಿ ಅಂಟುತ್ತದೆ. ಎರಡೂ ಬೆರೆತಿರುವುದರಿಂದ ಇಡೀ ಕಲ್ಲಿಗೆ ಅಯಸ್ಕಾಂತ ಹಿಡಿದು ಏನೂ ತಿಳಿಯಲ್ಲ, ಚೂರು ಪುಡಿ ಮಾಡಿಯೇ ನೋಡಬೇಕು. ಅಂಟದ ಜಾತಿಯ ಪಿರೋಟೈಟ್ ಕೂಡ ಇದೆ, ಹಾಗಾಗಿ ಈ ಪರೀಕ್ಷೆಯೊಂದನ್ನೇ ನಾನು ಎಂದೂ ನಂಬುವುದಿಲ್ಲ.

ನಿಜವಾದ ಉತ್ತರ ಸಿಗುವುದು ಸೂಕ್ಷ್ಮದರ್ಶಕದಲ್ಲಿ. ತುಂಡನ್ನು ರಾಳದಲ್ಲಿ ಕೂರಿಸಿ, ವಜ್ರದ ಪೇಸ್ಟಿನಲ್ಲಿ ಕನ್ನಡಿಯಂತೆ ಪಾಲಿಶ್ ಮಾಡಿ, ಪ್ರತಿಫಲಿತ ಬೆಳಕಿನಲ್ಲಿ ಇಡುತ್ತೇನೆ. ಪೆಂಟ್ಲಂಡೈಟ್ ತಿಳಿ ಕೆನೆ ಬಣ್ಣ, ಪಕ್ಕದ ಪಿರೋಟೈಟ್ ಗುಲಾಬಿ ಮಿಶ್ರಿತ ಕಂದು. ಧ್ರುವಕಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಶೋಧಕಗಳು) ಒಂದಕ್ಕೊಂದು ಅಡ್ಡ ಹಾಕಿ, ತುಂಡು ಇಟ್ಟಿರುವ ಸ್ಟೇಜ್ ತಿರುಗಿಸಿದರೆ ಪಿರೋಟೈಟ್ ಬಣ್ಣ ಬದಲಿಸುತ್ತಾ ಹೋಗುತ್ತದೆ, ಪೆಂಟ್ಲಂಡೈಟ್ ಮಾತ್ರ ಕತ್ತಲಾಗಿಯೇ ಇರುತ್ತದೆ. ನನಗೆ ತುಂಬಾ ಇಷ್ಟವಾದದ್ದು ಪಿರೋಟೈಟ್ ಒಳಗೆ ಕಾಣುವ ಸಣ್ಣ ಜ್ವಾಲೆಯಾಕಾರದ ಪೆಂಟ್ಲಂಡೈಟ್. ಬಿಸಿ ಇದ್ದಾಗ ಒಂದೇ ಗಟ್ಟಿ ಸಲ್ಫೈಡಿನಲ್ಲಿ (ಲೋಹ, ಗಂಧಕ ಸೇರಿದ ವಸ್ತು) ನಿಕಲ್ ಕರಗಿರುತ್ತದೆ, ತಣ್ಣಗಾದಂತೆ ಅದನ್ನು ಹಿಡಿದಿಟ್ಟುಕೊಳ್ಳಲು ಆಗದೆ ಪೆಂಟ್ಲಂಡೈಟ್ ಆಗಿ ಹೊರಬರುತ್ತದೆ. ಮೊದಲು ಬಂದದ್ದು ಕಣಗಳ ಅಂಚಿಗೆ ಸೇರಿ ದಪ್ಪವಾಗುತ್ತದೆ. ಕೊನೆಗೆ, ಕಡಿಮೆ ಶಾಖದಲ್ಲಿ ಬಂದದ್ದಕ್ಕೆ ದೂರ ಸರಿಯಲು ಆಗುವುದಿಲ್ಲ, ಅಲ್ಲೇ ಜ್ವಾಲೆಯಾಗಿ ನಿಲ್ಲುತ್ತದೆ.

ನಿಕಲ್ ತೆಗೆಯಲು ಅದಿರನ್ನು ಅರೆದ ಮೇಲೂ ಈ ಜ್ವಾಲೆಗಳು ಪಿರೋಟೈಟ್‌ನಿಂದ ಸುಲಭಕ್ಕೆ ಬಿಡುವುದಿಲ್ಲ, ಜಾಸ್ತಿ ಪಾಲು ಅದರ ಜೊತೆಗೇ ಕಸಕ್ಕೆ ಹೋಗುತ್ತದೆ. ಅದಕ್ಕೇ ನನ್ನ ವರದಿಯಲ್ಲಿ ನಿಕಲ್ ಎಷ್ಟಿದೆ ಅನ್ನುವುದರ ಪಕ್ಕದಲ್ಲೇ ಕಣದ ಗಾತ್ರ, ಅಂಚಿನದೋ ಜ್ವಾಲೆಯದೋ ಎಂದೂ ಬರೆಯುತ್ತೇನೆ.